ಪ್ರತ್ಯೇಕ ಕೋಣೆಗಿಂತ ಮೊದಲು ತಾಯಿಗೊಂದು ಹಾಸಿಗೆ ಕೊಡಿ

ಪ್ರತಿ ಮಗುವಿಗೂ ಪ್ರತ್ಯೇಕ ಕೋಣೆ ಕೊಟ್ಟರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ತೊಂದರೆಗಳೆಲ್ಲ ನೀಗುತ್ತವೆ ಎಂದು ಲೇಖನವೊಂದರಲ್ಲಿ ಓದಿದೆ; ಆ ಲೇಖಕರ ಮಾತನ್ನು ನಾನು ಒಪ್ಪುವುದಿಲ್ಲ. ಮುಂಬೈಯ ಇಂಥದೇ ಘಟಕವೊಂದರಲ್ಲಿ ಶುಶ್ರೂಷಕಿಯಾಗಿರುವ ನನಗೆ ರಾತ್ರಿ ಪಾಳಿಯಲ್ಲಿ ಶಿಶುಗಳನ್ನು ಬೆಚ್ಚಗಿಡುವ ಎಲ್ಲ ವಾರ್ಮರ್‌ಗಳೂ ಕಣ್ಣಳತೆಯಲ್ಲಿರಬೇಕು. ಎಷ್ಟೋ ಸಲ ಮಾನಿಟರ್ ಕೂಗುವ ಮುನ್ನವೇ ಮಗುವಿನ ತುಟಿಯ ಬಣ್ಣ ಬದಲಾದದ್ದು ಕಾಣುತ್ತದೆ. ಶುಶ್ರೂಷಕಿಯರ ಸಂಖ್ಯೆ ಹೆಚ್ಚಿಸದೆ ಗೋಡೆ ಎಬ್ಬಿಸುವುದು ಅಪಾಯ. ಅಲ್ಲದೆ, ಕೋಣೆಯಲ್ಲಿ ಕೂರಲು ಹೆತ್ತವರಾದರೂ ಇರಬೇಕಲ್ಲ? ಇಲ್ಲದಿದ್ದರೆ ಮಗುವಿನ ಕಿವಿಗೆ ಮಾತು ಬೀಳುವುದೇ ಕಡಿಮೆ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂಟಿ ಕೋಣೆಗಳಲ್ಲಿದ್ದ ಅವಧಿಪೂರ್ವ ಶಿಶುಗಳು ಎರಡು ವರ್ಷದ ಹೊತ್ತಿಗೆ ಭಾಷೆಯಲ್ಲಿ ಹಿಂದುಳಿದದ್ದು ಕಂಡುಬಂದಿತ್ತು.

ಇಲ್ಲಿ ಸಿಸೇರಿಯನ್ ಹೊಲಿಗೆ ಮಾಯುವ ಮೊದಲೇ, ಹಿಂಡಿದ ಹಾಲಿನೊಂದಿಗೆ ಡೊಂಬಿವಿಲಿಯಿಂದ ಲೋಕಲ್ ರೈಲಿನಲ್ಲಿ ಬರುವ ತಾಯಂದಿರಿದ್ದಾರೆ. ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಹೆಣ್ಣುಮಗಳೊಬ್ಬಳು ಬೆನ್ನಿಗೆ ಆಸರೆಯಿಲ್ಲದ ಸ್ಟೀಲ್ ಸ್ಟೂಲಿನ ಮೇಲೆ ಕೂತು 1,300 ಗ್ರಾಂ ತೂಕದ ಕೂಸನ್ನು ಎದೆಗಪ್ಪಿಕೊಂಡಿದ್ದಳು. ಗಂಟೆ ಕಳೆಯುವಷ್ಟರಲ್ಲಿ ಸೊಂಟ ಹಿಡಿದುಕೊಂಡು, ಕಣ್ಣು ತುಂಬಿಕೊಂಡು, ಕೂಸನ್ನು ನನ್ನ ಕೈಗೆ ಮರಳಿಸಿದಳು. ಒರಗುವ ಕುರ್ಚಿಗೆ ಎಷ್ಟು ಖರ್ಚಾಗುತ್ತದೆ?

ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ತಾಯಿಯ ಹಾಸಿಗೆಯನ್ನೇ ಘಟಕದೊಳಗೆ ತಂದಿತು. ಆ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ (ಮಗುವನ್ನು ತಾಯಿಯ ಬರಿ ಎದೆಗೆ ಅಪ್ಪಿಸಿಡುವುದು) ಸಿಕ್ಕ ಕಡಿಮೆ ತೂಕದ ಶಿಶುಗಳ ಸಾವು ಶೇ 25ರಷ್ಟು ತಗ್ಗಿತು. ಮುಂಬೈಯಲ್ಲಿ ಹೊಸ ಘಟಕ ಕಟ್ಟುವವರು ಗಾಜಿನ ಕೋಣೆಗಳ ಲೆಕ್ಕ ಹಾಕುವ ಮುನ್ನ ಆ ಆಸ್ಪತ್ರೆಯ ಘಟಕದ ನಕ್ಷೆಯನ್ನು ತರಿಸಿ ನೋಡಲಿ.