ನೀರು ಸಾಕಿದ ಪ್ರಸಂಗ

ಹಿತ್ತಲಿನಲ್ಲೊಂದು ಪುಟ್ಟ ಕೊಳ ಕಟ್ಟಿಸಿ, ಅದರಲ್ಲಿ ಆರು ಗೋಲ್ಡ್ ಫಿಶ್ ಬಿಟ್ಟು, ಸಂಜೆ ಕಟ್ಟೆಯ ಮೇಲೆ ಕುಳಿತು ಕಾಲ ಕಳೆಯಬೇಕೆಂಬ ಆಸೆ ಹುಟ್ಟಿದಾಗ, ಈ ಇಡೀ ಕೆಲಸದಲ್ಲಿ ಅತ್ಯಂತ ಸುಲಭವಾದದ್ದು ನೀರು ತುಂಬಿಸುವುದೇ ಎಂದು ನಾನು ನಂಬಿದ್ದೆ. ಸುಲಭದ ಕೆಲಸಕ್ಕೆ ‘ನೀರು ಕುಡಿದಷ್ಟು ಸಲೀಸು’ ಎನ್ನುತ್ತೇವಲ್ಲ, ಆ ಮಾತನ್ನು ಹುಟ್ಟುಹಾಕಿದವರು ಖಂಡಿತವಾಗಿಯೂ ಮೀನು ಸಾಕಿದವರಲ್ಲ.

ನನ್ನ ಸ್ವಭಾವದ ಬಗ್ಗೆ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ತೊಳೆಯುವ ಚಟವಿದೆ. ತೊಳೆದಿಟ್ಟ ಲೋಟವನ್ನು ಬಳಸುವ ಮುನ್ನ ಇನ್ನೊಮ್ಮೆ ತೊಳೆಯುತ್ತೇನೆ. ಪೊರಕೆಯನ್ನೂ ತೊಳೆದಿಟ್ಟವನೆಂಬ ಖ್ಯಾತಿ ಮನೆಯಲ್ಲಿ ನನಗಿದೆ. ಮುಂದೆ ನಡೆದ ಅನಾಹುತಗಳಲ್ಲಿ ಹೆಚ್ಚಿನವಕ್ಕೆ ಈ ಸದ್ಗುಣವೇ ಕಾರಣ.

ಎರಡೂವರೆ ಮೀಟರ್ ಉದ್ದ, 1.2 ಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಸಿಮೆಂಟಿನ ಕೊಳ ಸಿದ್ಧವಾಯಿತು. ಗುಣಿಸಿ ನೋಡಿದರೆ 1,800 ಲೀಟರ್. ನೀರು ತುಂಬಿಸಿ, ಅದು ಕನ್ನಡಿಯಂತೆ ಹೊಳೆಯುವುದನ್ನು ಕಂಡು ಹಿಗ್ಗಿ, ಕುತೂಹಲಕ್ಕೆಂದು ನೀರಿನ ಹುಳಿ-ಕ್ಷಾರ ಅಳೆಯುವ ಪಿಎಚ್ ಪಟ್ಟಿಯೊಂದನ್ನು ಅದ್ದಿದೆ. ಮೀನಿಗೆ ಆರೂವರೆಯಿಂದ ಎಂಟೂವರೆಯವರೆಗೆ ಇದ್ದರೆ ಸಾಕು. ನನ್ನ ಪಟ್ಟಿ ಕಡುನೀಲಿಗೆ ತಿರುಗಿ ಹನ್ನೊಂದನ್ನು ತೋರಿಸುತ್ತಿತ್ತು. ಹೊಸ ಸಿಮೆಂಟು ತನ್ನೊಳಗಿನ ಸುಣ್ಣವನ್ನು ನೀರಿಗೆ ಬಿಡುತ್ತಲೇ ಇರುತ್ತದೆಯಂತೆ. ಅಂದರೆ ನಾನು ಕನ್ನಡಿಯೆಂದು ಹಿಗ್ಗಿದ್ದು ತಿಳಿಯಾದ ಸುಣ್ಣದ ನೀರಿಗೆ. ತುಂಬಿಸು, ಒಂದು ವಾರ ಬಿಡು, ಗೋಡೆ ಉಜ್ಜು, ಖಾಲಿ ಮಾಡು, ಮತ್ತೆ ತುಂಬಿಸು ಎಂದು ನಾಲ್ಕು ಸುತ್ತು ನಡೆಯಿತು. ಉಜ್ಜುವ ಭಾಗ ನನಗೆ ಇಷ್ಟವಾದದ್ದರಿಂದ ಬೇಸರವೇನೂ ಆಗಲಿಲ್ಲ.

ನಂತರ ಬಂದದ್ದು, ಸೂಕ್ಷ್ಮಜೀವಿಗಳನ್ನು ಕೊಲ್ಲಲೆಂದು ನಲ್ಲಿ ನೀರಿಗೆ ಬೆರೆಸುವ ಕ್ಲೋರಿನ್ನಿನ ಸರದಿ. ನಾವು ಕುಡಿದು ಆರೋಗ್ಯವಾಗಿರುವ ನಲ್ಲಿ ನೀರು ಮೀನಿನ ಕಿವಿರನ್ನು ಸುಡುತ್ತದೆ. ಬರೀ ಕ್ಲೋರಿನ್ ಆದರೆ ನೀರನ್ನು ಒಂದೆರಡು ದಿನ ಬಿಸಿಲಿಗೂ ಗಾಳಿಗೂ ಬಿಟ್ಟರೆ ತಾನಾಗಿಯೇ ಹಾರಿಹೋಗುತ್ತದೆ; ಕ್ಲೋರಿನ್ ಅಮೋನಿಯದೊಡನೆ ಕೂಡಿ ಆಗುವ ಕ್ಲೋರಮಿನ್ ಬೆರೆತಿದ್ದರೆ ಮಾತ್ರ ಅದು ಬಾಡಿಗೆ ಕೊಡದ ಬಾಡಿಗೆದಾರನಂತೆ ಜಪ್ಪಯ್ಯ ಎಂದರೂ ಜಾಗ ಬಿಡುವುದಿಲ್ಲ, ಔಷಧ ಹಾಕಿಯೇ ಎಬ್ಬಿಸಬೇಕು. ನಾನು ಎರಡನ್ನೂ ಮಾಡಿದೆ.

ಇನ್ನು ಫಿಲ್ಟರ್. ಕೊಳದ ನೀರೆಲ್ಲ ಒಂದೆರಡು ಗಂಟೆಗೊಮ್ಮೆ ಫಿಲ್ಟರಿನ ಮೂಲಕ ಹಾದುಹೋದರೆ ಸಾಕು ಎಂದು ಬಲ್ಲವರು ಹೇಳಿದ್ದರು. ಸಾಕು ಎಂಬ ಪದ ನನಗೆ ಎಂದೂ ಒಗ್ಗಿದ್ದಲ್ಲ. ಗಂಟೆಗೆ 9,000 ಲೀಟರ್ ಎತ್ತುವ ಪಂಪನ್ನು ತಂದು ಕೊಳದ ತಳದಲ್ಲಿ ಕೂರಿಸಿ, ಪಕ್ಕದಲ್ಲಿಟ್ಟ ಡ್ರಮ್ಮಿನೊಳಗೆ ಮೇಲೆ ಒರಟು ಸ್ಪಂಜು, ಅದರ ಕೆಳಗೆ ನಯವಾದ ಸ್ಪಂಜು, ತಳದಲ್ಲಿ ಜಲ್ಲಿಕಲ್ಲು ಹಾಕಿ, ಪಂಪಿನ ಪೈಪನ್ನು ಡ್ರಮ್ಮಿನ ಬಾಯಿಗೆ ಸುಮ್ಮನೆ ನೇತುಹಾಕಿ, ರಾತ್ರಿ ನೆಮ್ಮದಿಯಾಗಿ ಮಲಗಿದೆ. ಬೆಳಗಿನ ಜಾವ ಹಿತ್ತಲ ಬಾಗಿಲು ತೆರೆದು ಕಾಲಿಟ್ಟರೆ ಪಾದ ತಣ್ಣಗಾಯಿತು. ಒಂದು ಚಪ್ಪಲಿ ನಿಧಾನವಾಗಿ ತೇಲುತ್ತಾ ನನ್ನನ್ನು ದಾಟಿ ಹೋಯಿತು. ಇನ್ನೊಂದು ತುಳಸಿಗಿಡದ ಬುಡಕ್ಕೆ ಸಿಕ್ಕಿಕೊಂಡು ತಿರುಗುತ್ತಿತ್ತು. ಪಂಪಿನ ರಭಸಕ್ಕೆ ಪೈಪು ಡ್ರಮ್ಮಿನಿಂದ ಜಿಗಿದು, ಕೊಳದಲ್ಲಿದ್ದ ನೀರನ್ನೆಲ್ಲ ಅಂಗಳಕ್ಕೆ ಸಾಗಿಸಿ, ಕೊಳ ಇರಬೇಕಾದಲ್ಲಿ ಒಣ ಅಂಗಳವನ್ನೂ ಅಂಗಳ ಇರಬೇಕಾದಲ್ಲಿ ಕೊಳವನ್ನೂ ನಿರ್ಮಿಸಿತ್ತು. ಪಂಪು ಖಾಲಿ ಗಂಟಲಲ್ಲಿ ಗೊರಗೊರ ಎನ್ನುತ್ತಿತ್ತು. ಪುಣ್ಯಕ್ಕೆ ಮೀನುಗಳಿನ್ನೂ ಬಂದಿರಲಿಲ್ಲ. ಆ ಪಂಪನ್ನು ಕೊಟ್ಟು ಚಿಕ್ಕದನ್ನು ತಂದು, ತಳದಿಂದ ಒಂದು ಗೇಣು ಮೇಲೆ ಇಟ್ಟಿಗೆಯ ಮೇಲೆ ಕೂರಿಸಿದೆ. ಹೀಗಿಟ್ಟರೆ ಪೈಪು ಮತ್ತೆ ಕೈಕೊಟ್ಟರೂ ಮೀನಿಗೆ ಗೇಣುದ್ದದ ನೀರಾದರೂ ಉಳಿಯುತ್ತದೆ. ಪೈಪಿಗೆ ಮೂರು ಕ್ಲಿಪ್ಪು ಹಾಕಿದೆ. ಒಂದು ಸಾಕಿತ್ತು.

ಇಷ್ಟಾದ ಮೇಲೆ ಮೀನು ತರಬಹುದೆಂದರೆ ಅದೂ ಇಲ್ಲ. ಮೀನಿನ ಹೇಸಿಗೆಯಿಂದಲೂ ಉಸಿರಿನಿಂದಲೂ ಬರುವ ಅಮೋನಿಯ ಮೀನಿಗೇ ವಿಷ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಸುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಆಗಿಸಿದಾಗ ಮೀನು ನಿರಾಳವಾಗಿ ಬದುಕಬಹುದು. ಈ ಎರಡು ಬಗೆಯ ಸೂಕ್ಷ್ಮಜೀವಿಗಳೂ ಸ್ಪಂಜಿನ ಮೇಲೆ, ಕಲ್ಲಿನ ಮೇಲೆ ಲೋಳೆಯಾಗಿ ನೆಲೆಯೂರುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಅವಕ್ಕೂ ಅಮೋನಿಯ ಎಂಬ ಊಟ ಸಿಗಬೇಕಲ್ಲ! ಆದ್ದರಿಂದ ನಾನು ದಿನವೂ ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು, ಒಂದೂ ಮೀನಿಲ್ಲದ ಕೊಳಕ್ಕೆ ಒಂದು ಚಿಟಿಕೆ ಮೀನಿನ ಆಹಾರವನ್ನು ಉದುರಿಸತೊಡಗಿದೆ. ಅದು ಕೊಳೆತು ಅಮೋನಿಯ ಆಗುವುದಷ್ಟೇ ಉದ್ದೇಶ.

ನೆರೆಮನೆಯ ಹಿರಿಯರೊಬ್ಬರು ನಾಲ್ಕು ದಿನ ಇದನ್ನು ಗೋಡೆಯಾಚೆಯಿಂದ ನೋಡಿದರು. ಐದನೆಯ ದಿನ ಕೆಮ್ಮಿದರು.

“ಯಾರಿಗೆ ಹಾಕುತ್ತಿದ್ದೀರಿ?”

“ಕಣ್ಣಿಗೆ ಕಾಣುವುದಿಲ್ಲ, ಆದರೆ ಇವೆ,” ಎಂದೆ.

ಅವರು ತಲೆಯಾಡಿಸಿ ಒಳಗೆ ಹೋದರು. ಅಂದಿನಿಂದ ನನ್ನೊಡನೆ ಬಹಳ ಮೃದುವಾಗಿ ಮಾತನಾಡುತ್ತಾರೆ.

ಗಾಜಿನ ಸಣ್ಣ ನಳಿಗೆಯಲ್ಲಿ ಕೊಳದ ನೀರು ಹಿಡಿದು, ಪರೀಕ್ಷೆಯ ಹನಿಗಳನ್ನು ಬಿಟ್ಟು, ಬೆಳಕಿಗೆ ಎತ್ತಿ ಹಿಡಿದು ನೋಡುವುದು ನನ್ನ ನಿತ್ಯಕರ್ಮವಾಯಿತು. ಹಸಿರಾದರೆ ಅಮೋನಿಯ ಇದೆ, ಹಳದಿಯಾಗಿ ಉಳಿದರೆ ಇಲ್ಲ. ಒಂದು ಬೆಳಿಗ್ಗೆ ಅದು ಹಳದಿಯಾಗಿಯೇ ಉಳಿದಾಗ ನಾನು ಎಬ್ಬಿಸಿದ ಬೊಬ್ಬೆಗೆ ಮನೆಯವರು ಹಾವು ಬಂದಿತೆಂದು ದೊಣ್ಣೆ ಹಿಡಿದು ಓಡಿ ಬಂದರು.

ಮೀನುಗಳು ಬಂದವು, ಚೀಲದೊಡನೆ ಕಾಲು ಗಂಟೆ ತೇಲಿ ಹೊಸ ನೀರಿನ ಬಿಸಿಗೆ ಹೊಂದಿಕೊಂಡವು, ಎರಡು ತಿಂಗಳು ಸುಖವಾಗಿದ್ದವು. ನಡುವೆ ಪಾಚಿ ಹಬ್ಬಿ ನೀರು ಹಸಿರಾದಾಗ ಹದಿನೈದು ದಿನ ಮೀನುಗಳನ್ನು ಕೇವಲ ನಂಬಿಕೆಯ ಮೇಲೆ ಸಾಕಿದೆ. ನೈದಿಲೆಯ ಎಲೆಗಳು ನೆರಳು ಹರಡಿದ ಮೇಲೆ ಅದೂ ಇಳಿಯಿತು.

ಆಗ ಫಿಲ್ಟರಿನ ಮುಚ್ಚಳ ತೆರೆದೆ. ಒಳಗಿನ ಸ್ಪಂಜು ಕಂದುಬಣ್ಣದ ಲೋಳೆ ಹಿಡಿದು, ಎತ್ತಿದರೆ ಕೆಸರು ಜಿನುಗುತ್ತಾ, ಹಳೆಯ ಬಾವಿಯ ವಾಸನೆ ಬೀರುತ್ತಿತ್ತು. ಆರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಾಕಿದ ಜೀವಿಗಳು ಇವೇ ಎಂದು ಬುದ್ಧಿಗೆ ಗೊತ್ತಿತ್ತು. ಆದರೆ ಕೈ ಬುದ್ಧಿಯ ಮಾತು ಕೇಳಲಿಲ್ಲ. ನಲ್ಲಿಯ ಕೆಳಗೆ ಹಿಡಿದು, ಹಿಂಡಿ, ಮತ್ತೆ ಹಿಡಿದು, ನೀರು ತಿಳಿಯಾಗುವವರೆಗೂ ತೊಳೆದೆ. ಕ್ಲೋರಿನ್ ತನ್ನ ಕೆಲಸ ಮಾಡಿತು. ಮೂರನೆಯ ದಿನ ಆರೂ ಮೀನುಗಳು ಮಂಕಾಗಿ ಮೂಲೆ ಹಿಡಿದವು, ನಳಿಗೆಯ ನೀರು ಗಿಳಿಹಸಿರಾಯಿತು. ಆಹಾರ ನಿಲ್ಲಿಸಿ, ಎರಡು ದಿನ ಇರಿಸಿ ಕ್ಲೋರಿನ್ ಕಳೆದ ನೀರನ್ನು ಬಕೆಟ್ಟಿನಲ್ಲಿ ಹೊತ್ತು, ದಿನಕ್ಕೆ ಕಾಲುಭಾಗದಂತೆ ಬದಲಾಯಿಸುತ್ತಾ ಮೂರು ವಾರ ಬೆನ್ನು ಮುರಿದುಕೊಂಡೆ. ಮೀನುಗಳು ಉಳಿದವು.

ಈಗ ಸ್ಪಂಜನ್ನು ಬಕೆಟ್ಟಿನಲ್ಲಿ ಹಿಡಿದ ಕೊಳದ ನೀರಿನಲ್ಲೇ ಮೆಲ್ಲಗೆ ಎರಡು ಬಾರಿ ಅದ್ದಿ, ಕೊಳೆ ಇರುವಂತೆಯೇ ವಾಪಸು ಇಡುವಷ್ಟು ಸಂಯಮ ನನಗೆ ಬಂದಿದೆ. ಮೊನ್ನೆ ಹಾಗೆ ಅದ್ದಿ, ಬಕೆಟ್ಟಿನಲ್ಲೇ ಬಿಟ್ಟು, ದೂರವಾಣಿ ಕರೆಯೊಂದನ್ನು ಮುಗಿಸಿ ಬರುವಷ್ಟರಲ್ಲಿ ಬಕೆಟ್ಟು ಬೋರಲು ಬಿದ್ದಿತ್ತು. ಬಟ್ಟೆ ಒಣಹಾಕುವ ತಂತಿಯ ಮೇಲೆ, ಎರಡು ಕ್ಲಿಪ್ಪುಗಳ ನಡುವೆ, ನನ್ನ ಸ್ಪಂಜು ಸಾಬೂನಿನ ಪರಿಮಳ ಬೀರುತ್ತಾ ಹೊಸದರಂತೆ ತೂಗುತ್ತಿತ್ತು.

“ಏನು ಕೊಳೆ ಅಂತೀರಿ! ಮೂರು ಸಲ ಸಾಬೂನು ಹಚ್ಚಬೇಕಾಯಿತು,” ಎಂದು ಹೆಂಡತಿ ಒಳಗಿನಿಂದ ಹೆಮ್ಮೆಯಿಂದ ಹೇಳಿದಳು. “ನಿಮ್ಮ ಸಹವಾಸ ನೋಡಿ, ನನಗೂ ಕೊಳೆ ಕಂಡರೆ ಆಗುವುದಿಲ್ಲ.”

ನಾನು ಏನೂ ಹೇಳದೆ ಕ್ಯಾಲೆಂಡರಿನ ಮುಂದೆ ನಿಂತು ಆರು ವಾರ ಎಣಿಸಿದೆ.