ಮಳೆಗಾಲದಲ್ಲಿ ಕ್ಯಾಮೆರಾ ಒಳಗಿಡಬೇಡಿ

ಜೂನ್ ಬಂತು ಅಂದ್ರೆ ಸಾಕು, ನಮ್ಮ ಶಿವಮೊಗ್ಗ ಕಡೆ ಫೋಟೋ ತೆಗೆಯುವವರೆಲ್ಲ "ಬೆಳಕೇ ಇಲ್ಲ ಮಾರಾಯ" ಎಂದು ಕ್ಯಾಮೆರಾವನ್ನು ಬೀರುವಿಗೆ ಸೇರಿಸುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮುಖದ ಫೋಟೋಗೆ ಇದಕ್ಕಿಂತ ಒಳ್ಳೆ ಬೆಳಕು ಮಲೆನಾಡಿನಲ್ಲಿ ವರ್ಷವಿಡೀ ಹುಡುಕಿದರೂ ಸಿಗೋದಿಲ್ಲ.

ಬಿಸಿಲಿದ್ದಾಗ ಬೆಳಕು ಬರುವುದು ಆಕಾಶದ ಒಂದು ಸಣ್ಣ ಜಾಗದಿಂದ. ಅದಕ್ಕೇ ಮೂಗಿನ ಕೆಳಗೆ, ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು. ಮೋಡ ಕವಿದರೆ ಇಡೀ ಆಕಾಶವೇ ಬೆಳಕು ಕೊಡುತ್ತದೆ, ನೆರಳಿನ ಅಂಚು ಕರಗುತ್ತದೆ. ಸ್ಟುಡಿಯೋದವರು ದುಡ್ಡು ಕೊಟ್ಟು, ದೀಪದ ಬೆಳಕನ್ನು ಹರಡಿ ಮೃದು ಮಾಡುವ ಸಾಫ್ಟ್‌ಬಾಕ್ಸ್ ತರುವುದು ಇದಕ್ಕೇ ಅಲ್ವಾ?

ಬೆಳಕು ಕಡಿಮೆ, ನಿಜ. ಬಿಸಿಲಲ್ಲಿ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) 100 ಇಟ್ಟು, ಲೆನ್ಸಿನ ಕಿಂಡಿ ಎಫ್/16ರಷ್ಟು ಸಣ್ಣದಿದ್ದರೂ 1/100 ಸೆಕೆಂಡ್ ಸಾಕು. ದಟ್ಟ ಮೋಡದಲ್ಲಿ ಹೆಚ್ಚುಕಡಿಮೆ ಮೂರು ಸ್ಟಾಪ್ ಇಳಿಯುತ್ತದೆ. ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಅಂದರೆ ಉಳಿಯುವುದು ಎಂಟರಲ್ಲೊಂದು ಪಾಲು. ಐಎಸ್‌ಒ 800ಕ್ಕೆ ಏರಿಸಿದರೆ ಲೆಕ್ಕ ಸರಿಹೋಯಿತು. ಜೋಗದಲ್ಲಂತೂ ಈ ಕೊರತೆಯೇ ಅನುಕೂಲ. ನೀರಿನ ಎಳೆ ನಯವಾಗಿ ಕಾಣಬೇಕಾದರೆ ಶಟರ್ ನಿಧಾನ ಇರಬೇಕು. ಮೋಡವಿದ್ದರೆ, ಲೆನ್ಸಿಗೆ ಹಾಕಿ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲದೆಯೂ ಅದು ಎಷ್ಟೋ ಸಲ ಸಾಧ್ಯ.

ಅಡಿಕೆ ತೋಟದ ಒಳಗೆ ಮಾತ್ರ ಮುಖ ತೆಗೆಯಬೇಡಿ. ಸೋಗೆಯೊಳಗಿಂದ ಸೋಸಿ ಬರುವ ಬೆಳಕು ಹಸಿರು. ಕೆನ್ನೆ ಕಾಮಾಲೆ ಹಿಡಿದ ಹಾಗೆ ಕಾಣುತ್ತದೆ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ತಿದ್ದಿದರೂ ಪೂರ್ತಿ ಹೋಗೋದಿಲ್ಲ. ಅಂಗಳದ ಕಡೆಗಿನ ಜಗಲಿಯಲ್ಲಿ ಕೂರಿಸಿ. ಮಡಿಲ ಮೇಲೆ ಒಂದು ಬಿಳಿ ಪಂಚೆ ಹರಡಿದರೆ ಗಲ್ಲದ ಕೆಳಗಿನ ನೆರಳೂ ತಿಳಿಯಾಗುತ್ತದೆ.

ನನಗೆ ಜಾಸ್ತಿ ಬೇಸರ ತರುವುದು ಮನೆಯೊಳಗೆ ಹೊಡೆಯುವ ಫ್ಲ್ಯಾಶ್. ಸಾಗರದ ಕಡೆ ದೀವರು ಸಮುದಾಯದ ಮನೆಗಳ ಹಸೆ ಚಿತ್ತಾರ, ಅಂದರೆ ಗೋಡೆ ಮೇಲಿನ ಚಿತ್ರ, ನೋಡಿ. ಕೆಮ್ಮಣ್ಣು ಬಳಿದ ಗೋಡೆ. ಅದರ ಮೇಲೆ ಅಕ್ಕಿ ಅರೆದು ಮಾಡಿದ ಬಿಳಿಯ ಗೆರೆಗಳು, ಪುಂಡಿ ನಾರಿನ ಕುಂಚದಲ್ಲಿ ಎಳೆದದ್ದು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಎಲ್ಲ ಚಪ್ಪಟೆ. ಅದೇ ಬಾಗಿಲಿನ ಬೆಳಕು ಗೋಡೆಗೆ ಓರೆಯಾಗಿ ಬೀಳಲಿ. ಬಿಳಿ ಎಲ್ಲಿ ದಪ್ಪಗೆ ಕೂತಿದೆ, ಕುಂಚ ಎಲ್ಲಿ ಒಣಗಿ ಗೆರೆ ಸಣ್ಣಗಾಯಿತು, ಮಣ್ಣು ಸಾರಿಸಿದ ಬೆರಳಿನ ಗುರುತು, ಎಲ್ಲ ಎದ್ದು ಕಾಣುತ್ತದೆ. ಬರೆದ ಹೆಣ್ಣುಮಗಳ ಕೈ ತಿಳಿಯುವುದೇ ಅಲ್ಲಿ. ಅದನ್ನು ಅಳಿಸಿಹಾಕಿದ ಫೋಟೋವನ್ನು ದಾಖಲೆ ಅನ್ನೋದಕ್ಕೆ ನನ್ನ ಒಪ್ಪಿಗೆಯಿಲ್ಲ.

ಇಂಥ ಮನೆಗೆ ಹೋದರೆ ಮನೆಯವರನ್ನು ಕೇಳಿ ಬಾಗಿಲು ಪೂರ್ತಿ ತೆಗೆಸಿ, ಟ್ರೈಪಾಡ್ ಇಡಿ. ಗೋಡೆ ಅಲುಗುವುದಿಲ್ಲವಲ್ಲ, ಒಂದು ಸೆಕೆಂಡ್ ಎಕ್ಸ್‌ಪೋಶರ್ ಕೊಟ್ಟರೂ ಏನೂ ತೊಂದರೆಯಿಲ್ಲ.