ದುರ್ಯೋಧನನ ಪಾರ್ಟು ಎಷ್ಟಕ್ಕೆ ಹೋಯ್ತು?

ಹಸ್ತಿನಾವತಿಯ ಗಾದಿ ಯಾರಿಗೆ ಸೇರಬೇಕೆಂದು ತೀರ್ಮಾನವಾಗಲು ಮಹಾಭಾರತದಲ್ಲಿ 18 ದಿನ, 18 ಅಕ್ಷೋಹಿಣಿ ಸೈನ್ಯ ಬೇಕಾಯಿತು. ಮಂಡ್ಯ ಸೀಮೆಯಲ್ಲಿ ರಾಮಮಂದಿರದ ಜಗುಲಿ, ಒಂದು ಸಂಜೆ ಮತ್ತು ಎರಡು ಕಿಲೋ ಖಾರಾ ಬೂಂದಿ ಸಾಕು. ಊರ ನಾಟಕಕ್ಕೆ ಜಾಸ್ತಿ ದುಡ್ಡು ಬರೆಸಿದವನು ದುರ್ಯೋಧನ. ಅಲ್ಲಿಗೆ ದಾಯಾದಿ ವ್ಯಾಜ್ಯ ಇತ್ಯರ್ಥ. ಇನ್ನು ಮೂರು ತಿಂಗಳು ಅಭ್ಯಾಸ.

ಮಂಡ್ಯ, ತುಮಕೂರು, ಹಾಸನ, ಚನ್ನಪಟ್ಟಣದ ಕಡೆ ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ‘ಕುರುಕ್ಷೇತ್ರ’ ನಾಟಕ ಆಡದ ಊರು ಊರೇ ಅಲ್ಲ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಕಾಲದಲ್ಲಿ ಲೆಕ್ಕ ಸರಳವಾಗಿತ್ತು: ನೋಡುವವನು ಟಿಕೆಟ್ಟು ಕೊಳ್ಳುತ್ತಿದ್ದ, ಆಡುವವನು ಸಂಬಳ ತಗೊಳ್ಳುತ್ತಿದ್ದ. ಹಳ್ಳಿಗಳು ಇದನ್ನು ತಿರುವಿ ಹಾಕಿವೆ. ನೋಡುವವನಿಗೆ ಬಿಟ್ಟಿ, ಆಡುವವನಿಗೆ ಟಿಕೆಟ್ಟು. ಪ್ರತಿಭೆ ಎಂಬ ಗೊಂದಲದ ವಸ್ತು ನಡುವೆ ಬಾರದೆ ಇರುವುದರಿಂದ ಜಗಳವೂ ಕಡಿಮೆ.

ಹೊಸದಾಗಿ ಆಡಿಸುವ ಊರಿನವರಿಗೆ ರೇಟು ಕಟ್ಟುವ ಕ್ರಮ ತಿಳಿದಿರಲಿ. ಸೀನರಿ, ಡ್ರೆಸ್ಸು, ಹೆಣ್ಣುಪಾರ್ಟಿನವರು, ಮೇಷ್ಟ್ರು, ತಬಲ, ಮೈಕು, ಶಾಮಿಯಾನ, ಊಟ ಎಲ್ಲ ಸೇರಿ ಮೂರು ಲಕ್ಷ ಎಂದಿಟ್ಟುಕೊಳ್ಳಿ. ದುರ್ಯೋಧನನಿಗೆ 60 ಸಾವಿರ. ಆರಂಭದ ದರ್ಬಾರಿನಿಂದ ತೊಡೆ ಮುರಿಯುವವರೆಗೆ ಅವನೇ ಇರುತ್ತಾನೆ, ಹಾಡೂ ಹೆಚ್ಚು, ಮೀಸೆಯೂ ದೊಡ್ಡದು. ಭೀಮ, ಅರ್ಜುನ, ಕರ್ಣ, ಶಕುನಿಗೆ ತಲಾ 25 ಸಾವಿರದಂತೆ ಒಂದು ಲಕ್ಷ. ವಿದುರ, ಸಂಜಯ, ಸಾತ್ಯಕಿ, ಸೈಂಧವ ಮುಂತಾದ ಹತ್ತು ಮಂದಿಗೆ ತಲಾ 5 ಸಾವಿರದಂತೆ 50 ಸಾವಿರ. ಇನ್ನೂ 90 ಸಾವಿರ ಬಾಕಿ. ಹೆದರಬೇಡಿ, ಕೃಷ್ಣ ಪರಮಾತ್ಮ ಇದ್ದಾನೆ. ಅವನನ್ನು ಮೂರು ಪಾಲು ಮಾಡಿ, ಪಾಲಿಗೆ 30 ಸಾವಿರ.

ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ ಎಂದು ಕರಪತ್ರದಲ್ಲೇ ಅಚ್ಚಾಗುತ್ತದೆ. ಅರಮನೆಯಲ್ಲಿ ಸುಳ್ಳು ನಿದ್ದೆ ಮಾಡುವವನು ಒಬ್ಬ, ಸಂಧಾನಕ್ಕೆ ಹೋಗುವವನು ಇನ್ನೊಬ್ಬ, ಗೀತೆ ಹೇಳುವವನು ಮತ್ತೊಬ್ಬ. ಮೊದಲನೆಯವನಿಗೆ 28 ವರ್ಷ, ಎರಡನೆಯವನಿಗೆ 45, ಮೂರನೆಯವರು ಸೊಸೈಟಿಯ ನಿವೃತ್ತ ಕಾರ್ಯದರ್ಶಿ. ಭಗವಂತ ಒಂದೇ ರಾತ್ರಿಯಲ್ಲಿ ಮೂವತ್ತು ವರ್ಷ ಮುದಿಯಾಗುತ್ತಾನೆ. ಯುಗಕ್ಕೊಮ್ಮೆ ಬರುತ್ತೇನೆಂದವನು ಇಲ್ಲಿ ಅಂಕಕ್ಕೊಮ್ಮೆ ಬರುತ್ತಾನೆ, ಅದೂ ಮುಂಗಡ ಕಟ್ಟಿ.

ಎಷ್ಟು ಕೂಗಿದರೂ ಕೊಳ್ಳುವವರಿಲ್ಲದ ಪಾರ್ಟು ಒಂದೇ, ಧರ್ಮರಾಯನದು. ಅದನ್ನು ಶಾಲೆಯ ಮೇಷ್ಟ್ರಿಗೆ ಪುಕ್ಕಟೆಯಾಗಿ ಕೊಟ್ಟುಬಿಡಿ. ಅವರೂ ಬೇಡವೆಂದರೆ ಧರ್ಮರಾಯನಿಲ್ಲದೆಯೇ ನಾಟಕ ನಡೆಯುತ್ತದೆ, ಜನ ಕೇಳುವುದಿಲ್ಲ.

ಅಭ್ಯಾಸ ರಾತ್ರಿ ಊಟ ಮುಗಿದ ಮೇಲೆ. ಡ್ರಾಮಾ ಮೇಷ್ಟ್ರಿಗೆ ಮನೆಮನೆ ಸರದಿ ಊಟ. ಅವರು ಪ್ರತಿಯೊಬ್ಬನಿಗೂ ಅವನವನ ಮಾತು, ಅವನವನ ಹಾಡು, ಹಿಂದಿನವನ ಕೊನೆಯ ಮಾತು ಇಷ್ಟನ್ನೇ ನೋಟ್‌ಬುಕ್ಕಿನಲ್ಲಿ ಬರೆಸುತ್ತಾರೆ. ಹೀಗಾಗಿ ಅರ್ಜುನನಿಗೆ ತಾನೇನು ಕೇಳಬೇಕೆಂದು ಗೊತ್ತು, ಕೃಷ್ಣ ಏನು ಹೇಳಿದನೆಂದು ಗೊತ್ತಿಲ್ಲ. ‘...ಆದುದರಿಂದ ಏಳು ಪಾರ್ಥಾ’ ಎಂಬ ಕೊನೆಯ ಮಾತಿಗೆ ಕಾದು ಎದ್ದರಾಯಿತು. ಕೃಷ್ಣ ಆ ಮಾತು ಮರೆತು ಬೇರೆ ಹೇಳಿದನೋ, ಪಾರ್ಥ ಮಂಡಿಯೂರಿಯೇ ಇರುತ್ತಾನೆ. ಮೇಷ್ಟ್ರು ಕೆಳಗಿನಿಂದ ಹಾರ್ಮೋನಿಯಂ ಗುಂಯ್‌ಗುಟ್ಟಿಸಿ ಎಬ್ಬಿಸಬೇಕು. ಇಡೀ ಕಥೆ ಗೊತ್ತಿರುವುದು ಮೇಷ್ಟ್ರಿಗೊಬ್ಬರಿಗೆ, ಅವರ ಫೋಟೊ ಫ್ಲೆಕ್ಸಿನಲ್ಲಿ ಅಂಚೆಚೀಟಿಯಷ್ಟು.

ಶ್ರುತಿಯದೊಂದು ಬೇರೆಯೇ ಕಥೆ. ಕಂಪನಿ ಕಾಲದಲ್ಲಿ ಮೈಕು ಇರಲಿಲ್ಲ, ಕೊನೆಯ ಬೆಂಚಿಗೂ ಮುಟ್ಟಲಿ ಎಂದು ಮೇಲಿನ ಶ್ರುತಿಯಲ್ಲಿ ಎತ್ತಿ ಹಾಡುತ್ತಿದ್ದರು. ಈಗ ಮೈಕು ಬಂದಿದೆ, ಶ್ರುತಿ ಇಳಿದಿಲ್ಲ. ವರ್ಷವೆಲ್ಲ ಟ್ರ್ಯಾಕ್ಟರ್ ಮೇಲೆ ಕೂತು ಕೂಗಿದ ಗಂಟಲು ಮೇಲಿನ ಷಡ್ಜಕ್ಕೆ ಹೋದ ಕೂಡಲೇ ಒಡೆಯುತ್ತದೆ. ಮೇಷ್ಟ್ರು ಅಲ್ಲಿ ಹಾರ್ಮೋನಿಯಂನಲ್ಲಿ ಶ್ರುತಿಯನ್ನು ಒಂದು ಮನೆ ಇಳಿಸಿ ನುಡಿಸಿದರೆ ‘ನನ್ನ ಪದ ಕೆಡಿಸಿದರು’ ಎಂದು ಮರುದಿನ ಪಂಚಾಯಿತಿ. ಮೂವರು ಕೃಷ್ಣರಿಗೆ ಮೂರು ಶ್ರುತಿ ಎಂದ ಮೇಲೆ ತಬಲದವನ ಸುತ್ತಿಗೆಗೆ ಬಿಡುವೇ ಇಲ್ಲ.

ಮೈಕಿನ ವಿಚಾರ ಬಂದಿದ್ದರಿಂದ ಇದನ್ನೂ ಹೇಳಿಬಿಡಬೇಕು. ರಂಗದ ಮುಂಭಾಗದಲ್ಲಿ ಮೂರು ಮೈಕು ನೇತಾಡುತ್ತಿರುತ್ತವೆ. ನಾಟಕದ ಚಲನೆಯನ್ನು ನಿರ್ಧರಿಸುವುದು ಇವೇ ಮೂರು. ಮಾತು ಬಂದವನು ಮೈಕಿನ ಕೆಳಗೆ ಬರಬೇಕು, ಮುಗಿಸಿ ಹಿಂದೆ ಸರಿಯಬೇಕು. ಕರ್ಣನೂ ಕುಂತಿಯೂ ನಡುವಿನ ಮೈಕಿಗೇ ಬಂದರೆ ತಾಯಿ ಮಗ ಒಬ್ಬರನ್ನೊಬ್ಬರು ನೋಡದೆ, ಇಬ್ಬರೂ ಕತ್ತೆತ್ತಿ ಮೈಕನ್ನೇ ನೋಡುತ್ತಾ ಅಳುತ್ತಾರೆ. ಮೈಕಿನವನು ಕಲಾವಿದರಿಗೂ ಕೇಳಲೆಂದು ಒಂದು ಬಾಕ್ಸನ್ನು ರಂಗದ ಕಡೆಗೆ ತಿರುಗಿಸಿಟ್ಟಿರುತ್ತಾನೆ. ಅದರ ಸದ್ದು ಮತ್ತೆ ಅದೇ ಮೈಕಿಗೆ ಹೊಕ್ಕು ‘ಕುಂಯ್’ ಎನ್ನುತ್ತದೆ. ಬಾಕ್ಸನ್ನು ಒಂದು ಮೊಳ ಪಕ್ಕಕ್ಕೆ ತಿರುಗಿಸಿದರೆ ಸರಿಹೋಗುತ್ತದೆ. ಅದರ ಬದಲು ಅವನು ಎದ್ದುಬಂದು ಮೈಕಿನ ತಲೆ ತಟ್ಟುತ್ತಾನೆ.

ಕರೆಂಟು: ಸಾವಿರ ವ್ಯಾಟಿನ ನಾಲ್ಕು ಹ್ಯಾಲೊಜೆನ್ ಎಂದರೆ ಅದೊಂದೇ 17 ಆಂಪಿಯರ್. ಇದನ್ನು ಪಕ್ಕದ ಮನೆಯ ಪ್ಲಗ್ಗಿನಿಂದ ಎಳೆದರೆ ವೈರು ಬಿಸಿಯಾಗಿ, ದ್ರೋಣಾಚಾರ್ಯರು ಮಾತಿಗೆ ಬಾಯಿ ತೆರೆದಾಗ ಸರಿಯಾಗಿ ಫ್ಯೂಸು ಹೋಗುತ್ತದೆ. ಜನರೇಟರ್ ತರಿಸಿ.

ಸೀನರಿಯವರು ಲಾರಿಯಲ್ಲಿ ದರ್ಬಾರು, ಬೀದಿ, ಕಾಡು, ಉದ್ಯಾನದ ಪರದೆ ತಂದು ಮಧ್ಯಾಹ್ನದಿಂದಲೇ ಕಟ್ಟುತ್ತಾರೆ. ಕೆಳಗಿನ ಗಳಕ್ಕೆ ಸುತ್ತಿಕೊಂಡು ಮೇಲೇರುವ ಪರದೆಗಳಿವು, ಎರಡು ಕೊನೆಗೂ ಹಗ್ಗ. ರಾತ್ರಿ ಎರಡರ ಮೇಲೆ ಇಬ್ಬನಿ ಬಿದ್ದು ನೂಲಿನ ಹಗ್ಗ ಬಿಗಿದುಕೊಳ್ಳುತ್ತದೆ. ಒಂದು ಕೊನೆ ಬೇಗ ಏರಿ, ಇನ್ನೊಂದು ಕೊನೆ ಅರ್ಧದಲ್ಲೇ ನಿಂತು, ಹಸ್ತಿನಾವತಿ ವಾಲುತ್ತದೆ. ಹಗ್ಗದ ಹುಡುಗ ನಿದ್ದೆಗಣ್ಣಿನಲ್ಲಿ ಎರಡು ಸೀಟಿಗೆ ಒಂದೇ ಸಲ ಎಳೆದರೆ ಕಾಡಿನ ಮುಂದೆ ಸಿಂಹಾಸನ. ಗೀತೋಪದೇಶದ ರಥಕ್ಕೆ, ವಿಶ್ವರೂಪದ ಟ್ರಿಕ್ ಸೀನಿಗೆ ಬೇರೆ ದುಡ್ಡು. ಉಳಿಸಲು ಹೋಗಬೇಡಿ. ಮೂರನೇ ಕೃಷ್ಣ 30 ಸಾವಿರ ಕೊಟ್ಟಿರುವುದೇ ಆ ರಥ ಹತ್ತುವುದಕ್ಕೆ.

ಈಗ ಮುಖ್ಯ ನಾಟಕ, ಅಂದರೆ ಸಭಾ ಕಾರ್ಯಕ್ರಮ.

ಇದರ ತಯಾರಿ ಫ್ಲೆಕ್ಸಿನಿಂದ ಶುರು. ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸು ನಿಷೇಧವಾಗಿದೆ. ಆದ್ದರಿಂದ ಊರ ಬಾಗಿಲಿನಲ್ಲಿ ನಾಲ್ಕೇ ಕಟ್ಟುತ್ತಾರೆ. ಹಾಲಿ, ಮಾಜಿ, ಭಾವಿ ಎಂದು ಶಾಸಕರು ಮೂರು ವಿಧ. ಮೂವರೂ ಇರಬೇಕು, ಹಾಲಿ ಮಾಜಿ ಅಕ್ಕಪಕ್ಕ ಇರಬಾರದು, ಭಾವಿಯವರ ಮುಖ ಮಾಜಿಯವರಿಗಿಂತ ಒಂದಿಂಚು ಚಿಕ್ಕದಿರಬೇಕು, ಆದರೆ ಹಾಗೆಂದು ಅವರಿಗೆ ಗೊತ್ತಾಗಬಾರದು. ಕೃಷ್ಣನ ಸಂಧಾನ ಇದರ ಮುಂದೆ ಏನೂ ಅಲ್ಲ. ಇಷ್ಟೆಲ್ಲ ಮುಖಗಳ ಕೆಳಗೆ, ಫ್ಲೆಕ್ಸಿನ ಹಗ್ಗ ಹಾಯುವ ತೂತಿನ ಬಳಿ, ನಾಟಕದ ಹೆಸರು.

ದೀಪ ಹಚ್ಚುವುದರಲ್ಲೂ ತಾಂತ್ರಿಕ ತೊಡಕಿದೆ. ಬತ್ತಿ ಐದು, ಗಣ್ಯರು 14. ಬಯಲಿನ ಗಾಳಿಗೆ ಒಬ್ಬರು ಹಚ್ಚಿದ್ದು ಆರುತ್ತದೆ, ಇನ್ನೊಬ್ಬರು ಅದನ್ನೇ ಹಚ್ಚುತ್ತಾರೆ. ಹೀಗಾಗಿ ಎಲ್ಲರಿಗೂ ಬತ್ತಿ ಸಿಗುತ್ತದೆ, ಗಾಳಿ ದೊಡ್ಡದು. ಒಂದೇ ಸಲಕ್ಕೆ ಹತ್ತಬೇಕೆಂದರೆ ಬತ್ತಿಯನ್ನು ಮುಂಚೆಯೇ ಎಣ್ಣೆಯಲ್ಲಿ ನೆನೆಸಿ ತುದಿಗೆ ಕರ್ಪೂರದ ಚೂರು ಅಂಟಿಸಬೇಕು. ಆದರೆ ಆಗ ಐವರಿಗೆ ಮಾತ್ರ ಫೋಟೊ.

ಇನ್ನು ಸನ್ಮಾನ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಎಲ್ಲರೂ ಕ್ಯಾಮೆರಾ ಕಡೆ ತಿರುಗುವುದು: ತಲೆಗೆ ಒಂದೂವರೆ ನಿಮಿಷ. ಶಾಮಿಯಾನದವರಿಂದ ಜಾಗ ಕೊಟ್ಟವರವರೆಗೆ 24 ಮಂದಿಗೆ 36 ನಿಮಿಷ. ‘ನಾಟಕಕ್ಕೆ ತಡವಾಗುತ್ತದೆ, ಎರಡೇ ಮಾತು’ ಎಂದು ಶುರುಮಾಡುವ ಒಂಬತ್ತು ಭಾಷಣ, ತಲಾ ಏಳು ನಿಮಿಷದಂತೆ 63. ಪ್ರಾರ್ಥನೆ, ಸ್ವಾಗತ, ವಂದನೆ ಹತ್ತೇ ನಿಮಿಷದಲ್ಲಿ ಮುಗಿಯಿತೆನ್ನೋಣ. ರಾತ್ರಿ 8.15ಕ್ಕೆ ಕೂತವರು ಎದ್ದಾಗ 10 ಗಂಟೆ 4 ನಿಮಿಷ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಿನಲ್ಲಿ ಧ್ವನಿವರ್ಧಕ ನಿಲ್ಲಿಸಬೇಕಾದದ್ದು ರಾತ್ರಿ ಹತ್ತಕ್ಕೆ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆಂದು ವರ್ಷದಲ್ಲಿ 15 ದಿನ ಮೀರದಂತೆ ಹನ್ನೆರಡರವರೆಗೆ ಸರ್ಕಾರ ಸಡಿಲಿಸಬಹುದು, ಅಷ್ಟೇ. ಅಲ್ಲಿಗೆ ಭಾಷಣವಷ್ಟೂ ಕಾನೂನಿನೊಳಗೆ, ನಾಟಕವಷ್ಟೂ ಕಾನೂನಿನಾಚೆ. ಪೊಲೀಸಿನವರನ್ನು ದೂರುವಂತಿಲ್ಲ, ಸನ್ಮಾನಿತರಲ್ಲಿ ಅವರೂ ಇದ್ದಾರೆ.

ಇಷ್ಟು ಹೊತ್ತು ಪರದೆಯ ಹಿಂದೆ ಏಳು ಗಂಟೆಗೇ ಬಣ್ಣ ಹಚ್ಚಿಸಿಕೊಂಡ ರಾಜಾಧಿರಾಜರು ಬೆವರುತ್ತಿರುತ್ತಾರೆ. ಗೋಂದು ಬೆವರಿಗೆ ಬಿಟ್ಟು ಶಕುನಿಯ ಮೀಸೆ ಒಂದು ಕಡೆ ಏಳುತ್ತದೆ. ಒಂದನೇ ಕೃಷ್ಣ ಬೋಂಡ ತಿಂದು ತುಟಿಯ ಬಣ್ಣ ಹೋಗಿದೆ, ಕೈಯ ನೀಲಿ ಬೋಂಡಕ್ಕೆ ಹತ್ತಿದೆ. ಭೀಮನನ್ನು ಮಾತ್ರ ಬಾಟಲಿಯ ಕಡೆ ಹೋಗದಂತೆ ಇಬ್ಬರು ಕಾಯಬೇಕು, ಆ ಗದೆ ಮರದ್ದು.

ಅಂತೂ ನಾಟಕ ಏರಿತು ಎನ್ನುವಾಗ, ಹನ್ನೆರಡರ ಸುಮಾರಿಗೆ, ಸಂಧಾನದ ಸೀನಿನ ನಡುವೆ, ಬರಬೇಕಾಗಿದ್ದ ಮುಖ್ಯ ಅತಿಥಿಯ ಕಾರು ಬರುತ್ತದೆ. ಸೀಟಿ. ಪರದೆ. ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂದ ದುರ್ಯೋಧನ ಓಡಿಬಂದು ತನ್ನ ಸಿಂಹಾಸನವನ್ನೇ ಸರಿಸಿಕೊಡುತ್ತಾನೆ. ಐದೂರು ಕೇಳಲು ಬಂದ ಕೃಷ್ಣ ಶಂಖ ಕಂಕುಳಿಗಿಟ್ಟುಕೊಂಡು ಸೈಡ್‌ವಿಂಗಿನಲ್ಲಿ ನಿಂತಿರುವಾಗ, ಐದೂರಿಗೆ ಕಾಂಕ್ರೀಟ್ ರಸ್ತೆ ಹಾಕಿಸಿದ ವಿವರ ಮೈಕಿನಲ್ಲಿ ಬರುತ್ತದೆ. ಕಲೆ ಉಳಿಯಬೇಕು, ಯುವಕರು ಮೊಬೈಲ್ ಬಿಟ್ಟು ನಾಟಕ ನೋಡಬೇಕು ಎಂದು ಹೇಳಿ ಅವರು ನಾಟಕ ನೋಡದೆ ಹೊರಡುತ್ತಾರೆ. ಅವರ ಹಿಂದೆ ಅರ್ಧ ಸಭೆ.

ಮತ್ತೆ ಪರದೆ ಎದ್ದರೆ ಬಹುಮಾನದ ಕಾಟ. ಸತ್ತ ಅಭಿಮನ್ಯುವಿನ ಮೇಲೆ ಉತ್ತರೆ ಬಿದ್ದು ಅಳುತ್ತಿರುವಾಗ, ‘ಅಭಿಮನ್ಯು ಪಾತ್ರಧಾರಿಗೆ ಅವರ ಭಾವಮೈದನವರಿಂದ ಐನೂರು ರೂಪಾಯಿ’. ಹೆಣ ಎದ್ದು ಕೈಮುಗಿದು, ಕವಚಕ್ಕೆ ನೋಟು ಚುಚ್ಚಿಸಿಕೊಂಡು, ಮತ್ತೆ ಸಾಯುತ್ತದೆ. ಬೀಗರ ಕಡೆಯವರು ಒನ್ಸ್‌ಮೋರ್ ಎಂದರೆ ಪದ್ಮವ್ಯೂಹಕ್ಕೆ ಇನ್ನೊಂದು ಸಲ ಹೊಗಬೇಕು.

ಇಡೀ ರಾತ್ರಿಯಲ್ಲಿ ದುಡ್ಡು ಕೊಡದೆ, ದುಡ್ಡು ತಗೊಂಡು ಆಡುವವರು ಹೆಣ್ಣುಪಾರ್ಟಿನವರು. ಹೆಚ್ಚಾಗಿ ಮೂರು ನಾಲ್ಕು ಮಂದಿ. ಕುಂತಿ ಗಾಂಧಾರಿಯರನ್ನು ಒಬ್ಬರೇ ಮಾಡಬಹುದು, ಕಣ್ಣಿಗೆ ಪಟ್ಟಿ ಕಟ್ಟಿ ಬಿಚ್ಚಿದರೆ ಮುಗಿಯಿತು. ಸುಭದ್ರೆ ಉತ್ತರೆಯರಿಗೆ ಇಬ್ಬರು ಬೇಕೇ ಬೇಕು, ಅತ್ತೆ ಸೊಸೆ ಒಟ್ಟಿಗೆ ಅಳಬೇಕಲ್ಲ. ನಿನ್ನೆ ಬೇರೆ ಊರು, ನಾಳೆ ಮತ್ತೊಂದು, ತಾಲೀಮು ಇದ್ದರೆ ಒಂದು ದಿನ. ಪುಸ್ತಕವಿಡೀ ಬಾಯಿಪಾಠ ಇರುವುದರಿಂದ, ಮೂರು ತಿಂಗಳು ಕಲಿತ ದುರ್ಯೋಧನ ಮಾತು ಮರೆತು ಮೈಕು ನೋಡುತ್ತಾ ನಿಂತಾಗ, ಭಾನುಮತಿ ಸೆರಗು ಬಾಯಿಗಿಟ್ಟು ಅತ್ತಂತೆ ಮಾಡಿ ಅವನ ಮಾತನ್ನು ಅವನಿಗೇ ಹೇಳಿಕೊಡುತ್ತಾಳೆ. ಚಪ್ಪಾಳೆ ಅವನಿಗೆ. 24 ಶಾಲಿನಲ್ಲಿ ಒಂದೂ ಇವರ ಕಡೆ ಬರುವುದಿಲ್ಲ. ಕರಪತ್ರದಲ್ಲಿ ಸೀನರಿಯವರ ಫೋನ್ ನಂಬರಿನ ಮೇಲೆ, ‘ಸ್ತ್ರೀ ಪಾತ್ರಗಳಲ್ಲಿ ಪ್ರಸಿದ್ಧ ಕಲಾವಿದೆಯರು’.

ಗದಾಯುದ್ಧಕ್ಕೆ ರನ್ನ ಒಂದು ಕಾವ್ಯವನ್ನೇ ಮೀಸಲಿಟ್ಟ. ಇಲ್ಲಿ ಅದಕ್ಕೆ ಉಳಿಯುವುದು ನಾಲ್ಕು ನಿಮಿಷ, ಅದೂ ಬೆಳಗಾದ ಮೇಲೆ. ಐದು ಗಂಟೆಗೇ ಜನ ಎದ್ದು ಹೋಗಿರುತ್ತಾರೆ, ಹಾಲು ಕರೆದು ಡೇರಿಗೆ ಹಾಕಬೇಕು, ಫ್ಯಾಟು ನೋಡುವವನು ಕೌರವನಿಗಾಗಿ ಕಾಯುವುದಿಲ್ಲ. ಹೀಗಾಗಿ ಎಲ್ಲರಿಗಿಂತ ಹೆಚ್ಚು ದುಡ್ಡು ಕೊಟ್ಟವನು ಎರಡು ನಾಯಿ, ಖಾಲಿ ಕುರ್ಚಿ ಎಣಿಸುತ್ತಿರುವ ಶಾಮಿಯಾನದ ಹುಡುಗ ಮತ್ತು ಸ್ವಂತ ಹೆಂಡತಿಯ ಎದುರು ತೊಡೆ ಮುರಿಸಿಕೊಳ್ಳುತ್ತಾನೆ. ಹಿಂದೆ ಸೀನರಿಯವರು ದರ್ಬಾರನ್ನು ಆಗಲೇ ಸುತ್ತುತ್ತಿದ್ದಾರೆ. ಲಾರಿ ಮುಂದಿನ ಊರಿಗೆ ಹೋಗಬೇಕು. ಭೀಮ ನೆತ್ತರ ಕೈಯಲ್ಲಿ, ಅಂದರೆ ಕುಂಕುಮದ ನೀರಿನಲ್ಲಿ, 13 ವರ್ಷ ಬಿಚ್ಚಿಟ್ಟ ಮುಡಿಯನ್ನು ಹಿಡಿದು ಕೊನೆಯ ಕಂದಪದ್ಯಕ್ಕೆ ಶ್ರುತಿ ಕೇಳುತ್ತಾನೆ. ಊರ ಬಾಗಿಲಿನಲ್ಲಿ 6.10ರ ಬಸ್ಸಿನ ಹಾರನ್ನು.

‘ಬೇಗ ಕಟ್ಟಣ್ಣ,’ ಎನ್ನುತ್ತಾಳೆ ದ್ರೌಪದಿ, ‘ಬಸ್ಸು ಬಂತು.’